ಕರಿ ಅರಿವೆ, ಬಿಳಿ ಅರಿವೆ ಮತ್ತು ಒಂದು ಗೆರೆ

ಮನಗೂಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪೀರಬಿ ಮಣಿಯಾರ ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತಿದ್ದಾರೆ. ಎದುರಿಗೆ ಬಳೆಯ ಹಳೇ ಮರದ ಪೆಟ್ಟಿಗೆ, ಅದರ ಮೇಲೆ ಸಾಲಾಗಿ ಐದು ಮೊಬೈಲು. ಐದೂ ಬೇರೆ ಬೇರೆ ಕಂಪನಿಯವು. ಐದರಲ್ಲೂ ಒಂದೇ ಚಿತ್ರ: ಕರಿ ಪರದೆಯ ನಡುವೆ, ಮಕ್ಕಳ ಜ್ವರದ ಔಷಧ ಅಳೆಯುವ ನೀಲಿ ಮುಚ್ಚಳ. ಅಂಚಷ್ಟೇ ನೀಲಿ, ಒಳಗೆ ಪರದೆಯದೇ ಬಣ್ಣ; ಅದರಲ್ಲಿ ಔಷಧ ಎಲ್ಲಿಯವರೆಗೆ ಎಂದು ತೋರಿಸುವ ಒಂದು ಬಿಳಿ ಗೆರೆ.

ಅವರ ಬಗ್ಗೆ ಬರೆಯಲು ಬಂದ ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ. ಪೀರಬಿ ಕೈ ಎತ್ತುತ್ತಾರೆ.

“ಸ್ವಲ್ಪ ತಡೀರಿ ಅಕ್ಕಾರ. ಈಗ ಬದಲಾಗ್ತೈತಿ.”

ಹೊತ್ತು ಹುಟ್ಟುವಾಗ ಈ ಮೊಬೈಲುಗಳು ತಾವಾಗಿಯೇ ಕರಿ ಪರದೆ ಬಿಟ್ಟು ಬಿಳಿ ಪರದೆಗೆ ಬರುತ್ತವೆ. ಆ ಕ್ಷಣದಲ್ಲಿ ಬಿಳಿ ಗೆರೆಯೂ ಕರಿದಾಗಬೇಕು. ಒಂದು ಮೊಬೈಲು ಬೆಳ್ಳಗಾಗುತ್ತದೆ, ಇನ್ನೊಂದು, ಮತ್ತೊಂದು. ಐದರಲ್ಲೂ ಗೆರೆ ಕಂಡ ಮೇಲೆಯೇ ಅವರು ಎದ್ದು ಚಹಾಕ್ಕೆ ನೀರಿಡುತ್ತಾರೆ.

ಆ ಚಿತ್ರ ನನಗೆ ಹೊಸದಲ್ಲ. ಹೋದ ತಿಂಗಳು ನನ್ನ ಮಗಳ ಮೈ ಸುಡುತ್ತಿದ್ದಾಗ ಇದೇ ಆ್ಯಪ್ ತೆರೆದು, ಇದೇ ಮುಚ್ಚಳ ನೋಡಿ ಔಷಧ ಅಳೆದಿದ್ದೆ. ಆ ಗೆರೆಯನ್ನು ಎಲ್ಲೋ ಒಬ್ಬರು ಕಾಯುತ್ತಿದ್ದಾರೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಓದಲು ಬಾರದ ತಾಯಂದಿರಿಗಾಗಿ ಮಾಡಿದ ಆ್ಯಪ್ ಅದು. ಅದರಲ್ಲಿ ಅಕ್ಷರ ಕಡಿಮೆ, ಚಿತ್ರ ಜಾಸ್ತಿ. ಒಟ್ಟು ಇನ್ನೂರ ಹದಿನಾಲ್ಕು ಚಿತ್ರಗಳು. ಪ್ರತಿಯೊಂದಕ್ಕೂ ಬಿಳಿ ಪರದೆಗೊಂದು ರೂಪ, ಕರಿ ಪರದೆಗೊಂದು ರೂಪ. ಪ್ರತಿ ರೂಪಕ್ಕೂ ಸಣ್ಣ, ನಡು, ದೊಡ್ಡ ಎಂದು ಮೂರು ಅಳತೆ. ಲೆಕ್ಕ ಹಾಕಿ ಗಾಬರಿಯಾದೆ: ಸಾವಿರದ ಇನ್ನೂರ ಎಂಬತ್ನಾಲ್ಕು ಫೈಲು! ಇದಲ್ಲದೆ ಬಣ್ಣ, ಅಕ್ಷರದ ಗಾತ್ರ, ನಡುವಿನ ಅಂತರ ಬರೆದಿಡುವ ಸ್ಟೈಲ್‌ಶೀಟ್‌ಗಳು. ಎಲ್ಲ ಮೊಬೈಲಿಗೂ ಸಲ್ಲುವುದು ಒಂದರಲ್ಲಿ, ಆಂಡ್ರಾಯ್ಡ್‌ಗಷ್ಟೇ ಬೇಕಾದದ್ದು ಇನ್ನೊಂದರಲ್ಲಿ, ಐಫೋನಿನದು ಮತ್ತೊಂದರಲ್ಲಿ. ಇವೆಲ್ಲವನ್ನೂ ಜಾಗಕ್ಕೆ ಜಾಗ ಜೋಡಿಸಿಡುವುದು ಪೀರಬಿಯವರ ಕೆಲಸ.

“ಇದು ಬಳಿ ವ್ಯಾಪಾರನ ರೀ,” ಎಂದು ನಗುತ್ತಾರೆ. “ಒಂದ ಡಿಸೈನು. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಹಿಂಗ ಅಳತಿ ಬ್ಯಾರೆ. ಸಣ್ಣ ಬಳಿ ದೊಡ್ಡ ಕೈಗೆ ತುರಕಿದ್ರ ಒಡದು ರಕ್ತ ಬರ್ತೈತಿ. ಸಣ್ಣ ಚಿತ್ರ ದೊಡ್ಡ ಮೊಬೈಲಿಗೆ ಎಳದ್ರ ಮಬ್ಬ ಆಗ್ತೈತಿ.”

ಒಂಬತ್ತನೇ ವಯಸ್ಸಿನಿಂದ ತಾಯಿ ಅಮೀನಾಬಿಯವರ ಜೊತೆ ಬಸವನ ಬಾಗೇವಾಡಿಯ ಸುತ್ತಿನ ಊರುಗಳಲ್ಲಿ ಬಳೆ ಇಟ್ಟವರು ಪೀರಬಿ. ಪೆಟ್ಟಿಗೆ ತಾಯಿಯ ತಲೆಯ ಮೇಲೆ, ಪಾಟಿಚೀಲ ಮಗಳ ಹೆಗಲ ಮೇಲೆ. ಹಾಗೇ ಪಿಯುಸಿ ಮುಗಿಸಿ, ಬಾಗೇವಾಡಿಯ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆ ಕಂಪೋಸ್ ಮಾಡಿದರು. ಜನ ವಾಟ್ಸಾಪಿನಲ್ಲೇ ಮದುವೆಗೆ ಕರೆಯಲು ಶುರುಮಾಡಿದಾಗ ಅಂಗಡಿ ಮುಚ್ಚಿತು. ಅಷ್ಟರೊಳಗೆ ಇಂಡಿ ಪಟ್ಟಣದ ಸಿದ್ಧರಾಮ ತಮ್ಮ ಮದುವೆಯ ಪತ್ರಿಕೆ ಮಾಡಿಸಲು ಬಂದಿದ್ದರು. ವಿಜಯಪುರದಲ್ಲಿ ಸಣ್ಣ ಆ್ಯಪ್ ಕಂಪನಿ ನಡೆಸುವ ಅವರೇ ಪೀರಬಿಯನ್ನು ಕೆಲಸಕ್ಕೆ ಕರೆದರು.

“ನಾಕ ಸಾವಿರ ಚಿತ್ರದಾಗ ನನಗ ಬೇಕಾದ ಗಣಪತಿನ್ನ ಕಣ್ಣ ಮುಚ್ಚಿ ತಗಿಯೂದ್ರಾಗ ತಗದ ಕೊಟ್ರು,” ಎನ್ನುತ್ತಾರೆ ಸಿದ್ಧರಾಮ. “ಕೋಡ್ ಬರಿಯೋರು ಸಿಗ್ತಾರ್ರಿ. ಇಟ್ಟದ್ದು ಇಟ್ಟಲ್ಲೇ ಸಿಗೂವಂಗ ಇಡೋರು ಸಿಗೂದಿಲ್ಲ.”

ಇಷ್ಟು ಬರೆದು ಹೊಗಳಿ ಮುಗಿಸಬಹುದಿತ್ತು. ಆದರೆ ಪೀರಬಿ ತಾವಾಗಿಯೇ ಇನ್ನೊಂದು ಸಂಗತಿ ಹೇಳಿದರು. ಅದನ್ನು ಕೇಳಿದಾಗ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ.

ಹೋದ ವರ್ಷದ ಶ್ರಾವಣ. ಆ್ಯಪ್ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಹಳ್ಳಿಯ ಮೊಬೈಲುಗಳಲ್ಲಿ ಜಾಗ ಕಡಿಮೆ, ಬೇಡದ ಚಿತ್ರ ತೆಗೆಯಿರಿ ಎಂದು ಸಿದ್ಧರಾಮ ಹೇಳಿದ್ದರು. ಹುಡುಕುವಾಗ ಪೀರಬಿಗೆ ಔಷಧದ ಮುಚ್ಚಳ ಎರಡೆರಡು ಸಲ ಕಂಡಿತು. ಒಂದರಲ್ಲಿ ಕರಿ ಗೆರೆ ಇತ್ತು. ಇನ್ನೊಂದರಲ್ಲಿ ಗೆರೆಯೇ ಕಾಣಲಿಲ್ಲ.

“ಕೆಟ್ಟ ಚಿತ್ರ ಅಂದ್ಕೊಂಡೆ. ಒಡಕ ಬಳಿ ಒಗದಂಗ ಒಗದೆ.”

ಗೆರೆ ಇತ್ತು. ಅದು ಕರಿ ಪರದೆಗೆಂದು ಮಾಡಿದ ಬಿಳಿ ಗೆರೆ. ಅವರ ಕಂಪ್ಯೂಟರಿನ ಹಿನ್ನೆಲೆಯೂ ಬಿಳಿಯಾದ್ದರಿಂದ ಕಾಣಲಿಲ್ಲ, ಅಷ್ಟೆ. ಆ ಚಿತ್ರ ಹೋದ ಮೇಲೆ ಆ್ಯಪ್ ಕರಿ ಪರದೆಯ ಮೇಲೂ ಕರಿ ಗೆರೆಯ ಚಿತ್ರವನ್ನೇ ಹಾಕಿತು. ಅಲ್ಲಿ ಗೆರೆ ಮಾಯವಾಗಿ, ಬರೀ ಮುಚ್ಚಳ ಉಳಿಯಿತು. ಹಗಲಲ್ಲಿ ಕಚೇರಿಯ ಮೊಬೈಲುಗಳೆಲ್ಲ ಬಿಳಿ ಪರದೆಯವು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಆ್ಯಪ್ ನಲವತ್ತೊಂದು ಮನೆಗಳಿಗೆ ಹೋಯಿತು.

ನಾಲ್ಕನೇ ದಿನ ಬೆಳಗಿನ ನಮಾಜು ಮುಗಿಸಿ ಪೀರಬಿ ತಮ್ಮ ಮೊಬೈಲ್ ತೆರೆದರು. ಅದಿನ್ನೂ ಕರಿ ಪರದೆಯಲ್ಲಿತ್ತು, ಮುಚ್ಚಳದಲ್ಲಿ ಗೆರೆ ಇರಲಿಲ್ಲ. ಅವರು ಕೂಗಿಕೊಂಡ ರಭಸಕ್ಕೆ ಅಮೀನಾಬಿ ಹಾಸಿಗೆಯಿಂದ ಎದ್ದು ಬಂದರು. ವಿಷಯ ಕೇಳಿ, ಗೂಟಕ್ಕೆ ತೂಗುಹಾಕಿದ್ದ ಎರಡು ಅರಿವೆ ತೋರಿಸಿದರು. ಒಂದು ಕರಿ, ಒಂದು ಬಿಳಿ. ಒಡಕು ಬಳೆ ಆರಿಸುವಾಗ ಬಳೆಗಳನ್ನು ಹರಡುತ್ತಿದ್ದ ಬಟ್ಟೆಗಳು.

“ಬಿಳಿ ಬಳಿ ಬಿಳಿ ಅರವಿ ಮ್ಯಾಲ ಹರವಿದಿಯಲ್ಲ ಹುಚ್ಚಿ! ಹತ್ತ ವರ್ಷ ನನ್ನ ಕೂಡ ತಿರಗಿ ಇದನ್ನ ಕಲಿತಿಯೇನ?”

ಪೀರಬಿ ಪಟ್ಟಿ ಹಿಡಿದು ನಲವತ್ತೊಂದೂ ಮನೆಗೆ ಫೋನು ಹಚ್ಚಿದರು. ಮೊದಲು ಫೋನು ಎತ್ತಿದವರೆಲ್ಲ ಚಿತ್ರ ಕಾಣುತ್ತದೆ ಎಂದೇ ಹೇಳಿದರು. “ಅವರಿಗೆ ಮುಚ್ಚಳ ಕಾಣ್ತಿತ್ರಿ. ನಾ ಕೇಳಿದ್ದ ತಪ್ಪು. ಮತ್ತ ಮೊದಲಿಂದ ಎಲ್ಲಾರಿಗೂ ಹಚ್ಚಿದೆ. ಎಲ್ಲಿತನಕ ಹಾಕ್ತೀರಿ ಅಂತ ಕೇಳಿದೆ.” ನಲವತ್ತು ಮಂದಿ ಸಿಕ್ಕರು. ಪುಣ್ಯಕ್ಕೆ ಅವರಲ್ಲಿ ಯಾರೂ ಆ ಔಷಧ ಕೊಟ್ಟಿರಲಿಲ್ಲ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಜಯಮಾಲಾ ಮಾತ್ರ ಫೋನು ಎತ್ತಲಿಲ್ಲ. ಆಕೆಗೆ ವರ್ಷದ ಕೂಸಿತ್ತು.

ಪೀರಬಿ ಬಸ್ಸು ಹತ್ತಿದರು. ಕನ್ನೊಳ್ಳಿಯಲ್ಲಿ ಇಳಿದು ಮನೆ ಕೇಳಿಕೊಂಡು ಹೋದಾಗ ಒಳಗೆ ಅತ್ತೆ-ಸೊಸೆಯ ಜಗಳ ನಡೆದಿತ್ತು.

“ಹ್ವಾದ ಸಲ ಉಗುರು ಮುಳಗೂವಷ್ಟ ಕೊಟ್ಟಿದ್ದಿ. ಇವತ್ತ ಮುಚ್ಚಳ ತುಂಬ ಹ್ಯಾಂಗ?” ಎನ್ನುತ್ತಿದ್ದರು ಅತ್ತೆ ರೇವವ್ವ.

“ಮೊಬೈಲಿನ್ಯಾಗ ಹಂಗ ಐತ್ರಿ ಅತ್ತಿ. ಕಲಿತವ್ರು ಮಾಡಿದ್ದೈತಿ. ನಿಮಗೇನ ತಿಳಿತೈತಿ?”

ಬ್ಯಾಟರಿ ಉಳಿಯಲೆಂದು ಜಯಮಾಲಾ ತನ್ನ ಮೊಬೈಲನ್ನು ಹಗಲೂ ಕರಿ ಪರದೆಯಲ್ಲೇ ಇಡುತ್ತಾಳೆ. ಕೂಸು ಅವಳ ತೊಡೆಯ ಮೇಲೆ ಮುಲುಗುತ್ತಿತ್ತು. ಗೋಡೆಯ ಗೂಡಿನಲ್ಲಿ ಔಷಧದ ಮುಚ್ಚಳ. ಕಂಠಮಟ್ಟ ತುಂಬಿದೆ.

ಪೀರಬಿ ಚಪ್ಪಲಿ ಸಹ ಬಿಡದೆ ಒಳಗೆ ಹೋಗಿ ಅದನ್ನು ಕೈಗೆತ್ತಿಕೊಂಡರಂತೆ. ಯಾರಿವಳು ಎಂದು ಅತ್ತೆ-ಸೊಸೆ ಇಬ್ಬರೂ ಕಣ್ಣು ಪಿಳಿಪಿಳಿ ಬಿಡುವಾಗ, “ತಪ್ಪ ನಂದು. ಕುಡಸಬ್ಯಾಡ್ರಿ,” ಎಂದು ಔಷಧವನ್ನು ಅಂಗಳಕ್ಕೆ ಚೆಲ್ಲಿ ಬಂದರಂತೆ. ರೇವವ್ವ ನೀರು ತಂದುಕೊಟ್ಟರು. “ನಾ ಜಗಳಗಂಟಿ ಇದ್ದದ್ದ ಛಲೋ ಆತ ನೋಡ ತಂಗಿ,” ಎಂದರು.

ಅದೇ ಸಂಜೆ ಪೀರಬಿ ಸಿದ್ಧರಾಮರ ಎದುರು ನಿಂತರು. ಚಿತ್ರ ಯಾರು ಅಳಿಸಿದರೆಂದು ಇನ್ನೂ ಯಾರೂ ಕೇಳಿರಲಿಲ್ಲ. ಮುದ್ದೇಬಿಹಾಳದಲ್ಲಿ ಕುಳಿತು ಚಿತ್ರ ಬರೆದುಕೊಡುವ ಹೆಣ್ಣುಮಗಳ ಮೇಲೆ ಹಾಕಿ, ಅವಳು ಆ ಚಿತ್ರ ಕಳಿಸಿರಲೇ ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪೀರಬಿ ನಾನೇ ಎಂದರು. ಸಿದ್ಧರಾಮ, “ಮತ್ತ ಹಿಂಗ ಆಗಲಾರದಂಗ ಏನ ಮಾಡ್ತೀರಿ, ಹೇಳ್ರಿ,” ಎಂದರಂತೆ.

ಮರುದಿನ ಪೀರಬಿ ತಾಯಿಯ ಎರಡೂ ಅರಿವೆಗಳನ್ನು ಕಚೇರಿಗೆ ಒಯ್ದು ಗೋಡೆಗೆ ತೂಗುಹಾಕಿದರು. ಅಂದಿನಿಂದ ಅಲ್ಲಿ ಕರಿ ಹಿನ್ನೆಲೆ, ಬಿಳಿ ಹಿನ್ನೆಲೆ ಎರಡರ ಮೇಲೂ ನೋಡದೆ ಒಂದು ಚಿತ್ರವನ್ನೂ ಅಳಿಸುವಂತಿಲ್ಲ. ಬೆಳಗಿನ ಈ ಕಾವಲು ಮಾತ್ರ ಅವರೇ ಹಾಕಿಕೊಂಡದ್ದು. ಯಾರೂ ಹೇಳಿದ್ದಲ್ಲ.

ಅವರು ಬಳೆಯ ಪೆಟ್ಟಿಗೆ ತೆರೆದು ಹಸಿರು ಗಾಜಿನ ಬಳೆಗಳ ನಡುವಿನಿಂದ ಏನನ್ನೋ ತೆಗೆಯುತ್ತಾರೆ. ಪ್ಲಾಸ್ಟಿಕ್ಕಿನ ಪುಟ್ಟ ಮುಚ್ಚಳ. ಕನ್ನೊಳ್ಳಿಯದೇ. ನನ್ನ ಅಂಗೈಯಲ್ಲಿಟ್ಟಾಗ ಅದಕ್ಕೆ ತೂಕವೇ ಇಲ್ಲ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಆ್ಯಪಿನಲ್ಲಿ ಹೆಸರು ಬರಲಿ ಅನ್ನಬಹುದು ಎಂದುಕೊಂಡಿದ್ದೆ.

“ಜಯಮಾಲಾನ ಮೊಬೈಲ್ ಐತಲ್ರಿ, ಅಂಥಾದ್ದ ಹಳೇದೊಂದ ಬೇಕು. ಈಗ ಅಂಗಡ್ಯಾಗ ಸಿಗೂದಿಲ್ಲ. ಈ ಐದರಾಗ ಅದೊಂದ ಇಲ್ಲ ನೋಡ್ರಿ.”

ಹೊರಡಲು ಎದ್ದಾಗ ನನ್ನ ಮೊಬೈಲು ಇಸಿದುಕೊಂಡು, ಕರಿ ಪರದೆಗೆ ತಿರುಗಿಸಿ, ಆ ಚಿತ್ರ ತೆರೆದು ಎದುರಿಗೆ ಹಿಡಿಯುತ್ತಾರೆ. ಕಾಣುತ್ತದೆ ಎಂದು ತಲೆಯಾಡಿಸುತ್ತೇನೆ.

“ಅದಲ್ರಿ ಅಕ್ಕಾರ. ಎಲ್ಲಿತನಕ ಹಾಕ್ತೀರಿ? ಬೆರಳಿಟ್ಟ ತೋರಸ್ರಿ.”

ಗೆರೆಯ ಮೇಲೆ ಬೆರಳಿಡುತ್ತೇನೆ. ಪೀರಬಿ ಬಗ್ಗಿ, ನನ್ನ ಉಗುರಿನ ತುದಿಯವರೆಗೂ ನೋಡುತ್ತಾರೆ.

“ಹಾಂ. ಅಷ್ಟ ಹಾಕ್ರಿ. ಜಾಸ್ತಿ ಬ್ಯಾಡ.”