ಸುಮಿತ್ರಕ್ಕನ ಕೋಟೆಮನೆ

ಯಾರ ಮನೆಗೆ ಹೋದರೂ ಸುಮಿತ್ರಕ್ಕ ಮೊದಲು ಗೋಡೆ ತಟ್ಟುತ್ತಿದ್ದರು. ಕ್ಯಾಲಿಫೋರ್ನಿಯದ ಗಿಲ್‌ರಾಯ್‌ನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಮನೆಯೊಡತಿ ಪ್ರಸಾದ ಹಿಡಿದು ಕಾಯುತ್ತಿದ್ದರೆ, ಇವರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಹಾಲಿನ ಗೋಡೆಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯಿಟ್ಟು ಆಲಿಸಿ, "ಇದು ಬರೀ ಮರದ ಡಬ್ಬ ಕಣಮ್ಮ. ಭೂಕಂಪಕ್ಕೆ ಡಬ್ಬನೇ ವಾಸಿ, ಯೋಚ್ನೆ ಮಾಡ್ಬ್ಯಾಡ" ಎಂದರು. ಹೊಗಳಿದರೋ ತೆಗಳಿದರೋ ತಿಳಿಯದೆ ಆಕೆ ಪ್ರಸಾದವನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಸುಮಿತ್ರಕ್ಕ ಮಂಡ್ಯದ ಕಡೆಯವರು, ಸಿವಿಲ್ ಎಂಜಿನಿಯರು. ಹಳೆಯ ಕಟ್ಟಡಗಳು ಭೂಕಂಪಕ್ಕೆ ಬೀಳದಂತೆ ಗಟ್ಟಿ ಮಾಡುವುದು ಬರ್ಕ್ಲಿಯ ಆಫೀಸಿನಲ್ಲಿ ಅವರ ಕೆಲಸ. ನಾನೂ ಅದೇ ಊರಿನಲ್ಲಿ ಕೆಲಸಕ್ಕಿದ್ದೆ. ಇಬ್ಬರೂ ಯೂನಿಯನ್ ಸಿಟಿಯಲ್ಲಿ ಒಟ್ಟಿಗೆ ಟ್ರೇನು ಹತ್ತುತ್ತಿದ್ದೆವು. ಕೂತದ್ದೇ ತಡ, ಅವರ ಮಾತು ಫ್ರಾನ್ಸಿನ ಒಂದು ಹಳ್ಳಿಗೆ ಹೊರಟುಬಿಡುತ್ತಿತ್ತು.

ಆ ಹಳ್ಳಿಯಲ್ಲೊಂದು ಕೋಟೆಮನೆ. ದೊಡ್ಡ ಕೋಟೆ ಕಟ್ಟುವ ತಾಕತ್ತಿಲ್ಲದ, ಆದರೆ ನೆರೆಯವರ ಭಯ ಬೇಕಾದಷ್ಟಿದ್ದ ಪುಟ್ಟ ಪಾಳೇಗಾರನೊಬ್ಬ ನೂರಾರು ವರ್ಷಗಳ ಹಿಂದೆ ಕಟ್ಟಿಸಿದ್ದು. ದಪ್ಪ ಕಲ್ಲುಗೋಡೆ, ಸುತ್ತ ಕಂದಕ, ಬಾಣ ಬಿಡಲು ಸೀಳುಕಿಂಡಿಗಳು. ಮುಂದೆ ಯಾವುದೋ ಯುದ್ಧದಲ್ಲಿ ಸೈನಿಕರು ಅದಕ್ಕೆ ಬೆಂಕಿ ಇಟ್ಟರು. ರೈತರ ಕೈಗೆ ಬಂದಾಗ ಅವರು ಕಂದಕ ಮುಚ್ಚಿ, ಕಿಂಡಿ ಒಡೆದು ಕಿಟಕಿ ಮಾಡಿ, ಕೆಳಗೆ ದನ ಕಟ್ಟಿದರು. ಕೊನೆಯ ಮಾಲೀಕ ಅಗ್ಗಿಷ್ಟಿಕೆಯ ಕೆತ್ತನೆಗಲ್ಲನ್ನೇ ಕಿತ್ತು ಮಾರಿಕೊಂಡ. ಈಗ ಊರವರ ಸಂಘವೊಂದು ಅದನ್ನು ಕಾಪಾಡುತ್ತಿದೆ. ಇದನ್ನೆಲ್ಲ ಸುಮಿತ್ರಕ್ಕ ತವರುಮನೆಯ ಜಗಳ ಹೇಳುವಷ್ಟು ಕಾವಿನಿಂದ ಹೇಳುತ್ತಿದ್ದರು.

ಆ ಮನೆಗೂ ಇವರಿಗೂ ಎಲ್ಲಿಯ ನಂಟು? ರಜೆಗೆ ಹೋದಾಗ ಸಂಘದವರು ಗೋಡೆಯಲ್ಲಿದ್ದ ಬಿರುಕು ತೋರಿಸಿ ಸಲಹೆ ಕೇಳಿದ್ದರಂತೆ. ಕ್ಯಾಲಿಫೋರ್ನಿಯದ ಭೂಕಂಪ ತಜ್ಞೆ ಅಂದರೆ ಕೇಳಬೇಕೆ! ಇವರು ಇಲ್ಲಿನ ಅಭ್ಯಾಸದಂತೆ ಗೋಡೆಯ ಒಳಕ್ಕೆ, ಕಲ್ಲುಗಳ ಸಂದಿಗೆಲ್ಲ ಸಿಮೆಂಟು ತುಂಬಿಸಿಬಂದರು. ಕೆಲವು ವರ್ಷಗಳಲ್ಲಿ ಸಂಘದವರಿಂದ ಆ ಗೋಡೆಯ ಫೋಟೋ ಬಂತು. ಅದು ಸುಣ್ಣದ ಗಾರೆಯ ಗೋಡೆ. ಹೀರಿದ ತೇವವನ್ನು ಆ ಗಾರೆಯೇ ಹೊರಗೆ ಬಿಡಬೇಕು. ಸಿಮೆಂಟು ಆ ದಾರಿ ಮುಚ್ಚಿತ್ತು. ಒಳಗೇ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲುಗಳು ಹಪ್ಪಳದಂತೆ ಎದ್ದು ಉದುರುತ್ತಿದ್ದವು. ಭೂಕಂಪವೇ ಇಲ್ಲದ ಊರಿನಲ್ಲಿ ಭೂಕಂಪಕ್ಕೆ ಮದ್ದು ಹಾಕಿ ಬಂದಿದ್ದರು.

ಅಂದಿನಿಂದ ಪ್ರತಿ ಬೇಸಿಗೆಯ ರಜೆಯೂ ಅಲ್ಲಿಗೇ. ಮಗಳು ಹವಾಯಿಗೆ ಹೋಗೋಣವೆಂದು ಗೋಗರೆದರೂ ಇಲ್ಲ. ಸಣ್ಣ ಉಳಿ, ಸುತ್ತಿಗೆ ಹಿಡಿದು ಕಲ್ಲಿಗೆ ಪೆಟ್ಟಾಗದ ಹಾಗೆ ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆ ತುಂಬುವುದು. ಮರಳಿ ಬಂದಾಗ ಕೈ ಬೊಬ್ಬೆ ಎದ್ದಿರುತ್ತಿತ್ತು. ಸಂಘದವರೇ ಸುಮ್ಮನಿರುವಾಗ ನಿಮಗ್ಯಾಕೆ ಈ ಪಾಡು ಎಂದು ಒಮ್ಮೆ ರೇಗಿಸಿದೆ.

"ಅವ್ರು ಮರ್ಯಾದಸ್ತರು, ಬೈಯಲ್ಲ. ಬೈದಿದ್ರೆ ನಾನೂ ನಾಕು ಮಾತಾಡಿ ಮನೇಲಿ ಕೂತಿರ್ತಿದ್ದೆ" ಎಂದರು. ಆಮೇಲೆ ಕಿಟಕಿಯ ಆಚೆ ನೋಡುತ್ತ, "ನಾನಿರೋವಾಗ್ಲೇ ಅಷ್ಟೂ ತೆಗೀಬೇಕು ಕಣೇ."

ಆಗಲಿಲ್ಲ. ಕಾಯಿಲೆ ಬಿದ್ದರು. ಕೊನೆಯ ಸಲ ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಒಂದು ಗೋಡೆಯ ಬುಡದಲ್ಲಿ ಸಿಮೆಂಟು ಒಳಗಿನ ಕಲ್ಲಿನವರೆಗೂ ಇಳಿದಿದೆ, ಕಿತ್ತರೆ ಗೋಡೆಯೇ ಕುಸಿಯುತ್ತದೆ ಎಂದು ಅಲ್ಲಿನ ಎಂಜಿನಿಯರು ತಿಳಿಸಿದ್ದರಂತೆ. ಅವರ ಕೈ ಹಿಡಿದುಕೊಂಡೆ.

"ಮ್ಯಾಲೆ ಗಾರೆ ಸವರಿ ಮುಚ್ತೀವಿ ಅಂತಾರೆ, ನನ್ ಮರ್ಯಾದೆಗೆ. ಮುಚ್ಬ್ಯಾಡಿ ಅಂದಿದ್ದೀನಿ. ಬಂದೋರ್ಗೆ ತೋರ್ಸಿ, ಯಾರು ಮಾಡಿದ್ದು ಅಂತ ಹೇಳಿ ಅಂದಿದ್ದೀನಿ. ಇನ್ನೊಬ್ರು ಇದ್ನೇ ಮಾಡ್ಬಾರ್ದು. ಅವ್ರು ಒಪ್ತಾ ಇಲ್ಲ."

ಮೊನ್ನೆ ಅವರ ವೈಕುಂಠ ಸಮಾರಾಧನೆ. ಊಟ ಮುಗಿದ ಮೇಲೆ ಮಗಳು ಟಿ.ವಿ.ಗೆ ಲ್ಯಾಪ್‌ಟಾಪ್ ಜೋಡಿಸಿದಳು. ಸಂಘದ ಅಧ್ಯಕ್ಷೆ, ನರೆಗೂದಲಿನ ರೈತ ಹೆಂಗಸು, ಕೋಟೆಮನೆಯ ಮುಂದೆ ನಿಂತಿದ್ದರು. ತಡವರಿಸುವ ಇಂಗ್ಲಿಷಿನಲ್ಲಿ ಸುಮಿತ್ರಕ್ಕನ ಹೆಸರು ಹೇಳಿ ಕ್ಯಾಮೆರಾವನ್ನು ಗೋಡೆಯ ಬುಡಕ್ಕೆ ತಿರುಗಿಸಿದರು. ಬೂದು ಸಿಮೆಂಟು ಹಾಗೇ ಕಾಣುತ್ತಿತ್ತು. ಮುಚ್ಚುವುದಿಲ್ಲವೆಂದು ಸಂಘ ಒಪ್ಪಿದೆ, ಇನ್ನು ಬಂದವರಿಗೆಲ್ಲ ಇದನ್ನು ತೋರಿಸಿಯೇ ಮುಂದಕ್ಕೆ ಹೋಗುತ್ತೇವೆ ಎಂದರು. ತೋರಿಸುವಾಗ ತಾನು ಏನು ಹೇಳುತ್ತೇನೆಂಬುದನ್ನೂ ಹೇಳಿದರು.

"ಈ ಮನೆಗೆ ಪೆಟ್ಟು ಕೊಟ್ಟವರು ಬಹಳ ಜನ. ವಾಪಸು ಬಂದವರು ಇವರೊಬ್ಬರೇ."

ಸುಮಿತ್ರಕ್ಕ ಇದ್ದಿದ್ದರೆ ಜಾಸ್ತಿಯಾಯಿತೆಂದು ಮುಖ ತಿರುಗಿಸುತ್ತಿದ್ದರು. ನಾವೆಲ್ಲ ಅವರ ಬದಲಿಗೆ ಕೂತು ಕೇಳಿಸಿಕೊಂಡೆವು, ನಾನಂತೂ ಅತ್ತುಬಿಟ್ಟೆ.