ಕೆರೆಯ ನೀರೂ ಕಾಲೇಜಿನ ಲೆಕ್ಕವೂ

೧೯೫೫ರ ಡಿಸೆಂಬರ್ ರಜೆಗೆ ಗುರುಪಾದಸ್ವಾಮಿ ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿನಲ್ಲಿ ಬಂದು, ಅಲ್ಲಿಂದ ಊರಿಗೆ ನಡೆದ. ಉಮ್ಮತ್ತೂರಿನ ಆಚೆಯ ಆ ಊರಿನಲ್ಲಿ ಇಂಟರ್‌ಮೀಡಿಯೆಟ್ ಮೆಟ್ಟಿಲು ಹತ್ತಿದವನು ಅವನೊಬ್ಬನೇ.

ಇಂಟಿಗ್ರೇಷನ್ ಅವನಿಗೆ ಆಗತಾನೇ ಕೈಹತ್ತಿತ್ತು. ಒಂದು ವಸ್ತು ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂದು ಗೊತ್ತಿದ್ದರೆ, ಒಟ್ಟು ಎಷ್ಟು ಬದಲಾಯಿತೆಂದು ಹಿಮ್ಮುಖವಾಗಿ ಹುಡುಕುವ ವಿದ್ಯೆ ಅದು. ಮೊದಲು ಎಷ್ಟಿತ್ತು ಎಂಬುದನ್ನು ಮಾತ್ರ ಆ ಲೆಕ್ಕ ಹೇಳದು. ಅದನ್ನು ಹೊರಗಿನಿಂದ ತಂದು ಸ್ಥಿರಾಂಕವಾಗಿ ಕೂಡಿಸಬೇಕು.

ಆಗ ಭತ್ತ ಹಾಲುಗಟ್ಟುತ್ತಿತ್ತು, ಕೆರೆ ಇಳಿಯುತ್ತಿತ್ತು. ತೂಬಿನಿಂದ ಬರುವ ನೀರು ದಿನೇದಿನೇ ಕುಗ್ಗುವುದನ್ನು ಮೂರು ದಿನ ಅಳೆದು, ಇನ್ನು ಹನ್ನೆರಡು ದಿನಕ್ಕೆ ನೀರಿದೆ ಎಂದು ಅವನು ಲೆಕ್ಕ ಕೊಟ್ಟ. ಕೆರೆಯ ಆಳವನ್ನು ತಂದೆ ವೃಷಭೇಂದ್ರಪ್ಪ ಹೇಳಿದಂತೆ ಹಿಡಿದಿದ್ದ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಬೆಟ್ಟಯ್ಯ ಬಿದಿರಿನ ಗಳ ಇಳಿಸಿ ನೋಡಿ, ತಳದಲ್ಲಿ ಹೂಳು ಕೂತಿದೆ, ಎಂಟು ದಿನ ಬಂದರೆ ಹೆಚ್ಚು ಎಂದಿದ್ದ. ಗುರುಪಾದಸ್ವಾಮಿ ಕೇಳಿಸಿಕೊಂಡ, ಬರೆದುಕೊಳ್ಳಲಿಲ್ಲ. ಮೇಲಿನ ಗದ್ದೆಯವರಿಗಂತೂ ಹನ್ನೆರಡೇ ಹಿತವಾಯಿತು. ಸರದಿ ಮೀರಿ ನೀರು ಕಟ್ಟಿಕೊಂಡರು.

ಎಂಟನೆಯ ದಿನ ತೂಬು ಬತ್ತಿತು. ಕೊನೆಯ ಗದ್ದೆಗಳು ಒಣಗಿದವು. ಬೆಟ್ಟಯ್ಯ ಕದ್ದು ಪಕ್ಕದೂರಿಗೆ ನೀರು ಬಿಟ್ಟನೆಂಬ ಮಾತೆದ್ದು, ಅವನ ಕೆಲಸ ಕಿತ್ತುಕೊಳ್ಳಲು ಪಂಚಾಯಿತಿ ಸೇರಿತು.

ಆ ಬೆಳಿಗ್ಗೆ ಗುರುಪಾದಸ್ವಾಮಿ ಕೆರೆಗಿಳಿದು ಗಳ ಊರಿ ನೋಡಿದ. ಎದೆಯುದ್ದದ ಹೂಳು. ಅಲ್ಲಿಂದ ನೇರ ಚಾವಡಿಗೆ ಬಂದು, ನೋಟ್‌ಬುಕ್ ಬಿಚ್ಚಿ ನಿಂತ.

“ತಪ್ಪು ನಂದು. ಬೆಟ್ಟಯ್ಯ ಎಂಟೇ ದಿನ ಅಂತ ಮೊದ್ಲೇ ಹೇಳಿದ್ದ.”

ಪುಸ್ತಕದತ್ತ ಯಾರೂ ಬಗ್ಗಲಿಲ್ಲ. ಊರಿನ ಹಿರಿಯ ಪುಟ್ಟಬಸಪ್ಪ ನಕ್ಕ. “ಕಾಲೇಜ್ ಲೆಕ್ಕ ತಪ್ತದಂತೆ, ಈ ಬೆಟ್ಟಯ್ಯನ್ ಬಿದಿರಿನ್ ಗಳ ಸರಿಯಂತೆ! ಕನಿಕರ ಇದ್ರೆ ಅವನಿಗೊಂದು ಪಂಚೆ ಕೊಡು, ಸಾಕು ಕಣಪ್ಪ.”

ಗುರುಪಾದಸ್ವಾಮಿ ತಂದೆಯತ್ತ ನೋಡಿದ. ಆಳ ಹೇಳಿದವನು ತಾನೇ ಎಂದು ವೃಷಭೇಂದ್ರಪ್ಪ ಬಾಯಿ ಬಿಡಲಿಲ್ಲ.

ಪಂಚಾಯಿತಿ ಕೆಲಸ ಕಿತ್ತುಕೊಂಡಿತು. ತೂಬು ಎತ್ತುವ ಕಬ್ಬಿಣದ ಸಲಾಕೆಯನ್ನು ಜಗಲಿಯ ಮೇಲಿಟ್ಟು ಬೆಟ್ಟಯ್ಯ ಹೊರಬಂದ. ಗುರುಪಾದಸ್ವಾಮಿ ಹಿಂದೆಯೇ ಓಡಿದ. ಬೆಟ್ಟಯ್ಯ ತಿರುಗಿ ನೋಡದೆ ಹೇಳಿದ: “ಇವತ್ತು ಯೋಳುದ್ರಿ ಬುಡಿ ಬುದ್ಧಿ. ಆವತ್ತು ಕೇಳ್ಬೇಕಾಗಿತ್ತು.”

ಬೇಸಿಗೆಗೆ ಮೊದಲೇ ಬೆಟ್ಟಯ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುಣಜನೂರಿನ ಕಡೆ ಕೂಲಿಗೆ ಹೋದ. ಗುರುಪಾದಸ್ವಾಮಿ ಓದು ಮುಗಿಸಿ ಗುಂಡ್ಲುಪೇಟೆಯಲ್ಲಿ ಗಣಿತದ ಮೇಷ್ಟ್ರಾದ. ರಜೆಗೆ ಬಂದಾಗಲೆಲ್ಲ ಊರವರು ಅವನ ಲೆಕ್ಕವನ್ನು ಹೊಗಳುತ್ತಿದ್ದರು. ಅವನು ಕೆರೆ ಏರಿಯ ಹಾದಿ ಬಿಟ್ಟು ಬಳಸಿಕೊಂಡು ಮನೆ ಸೇರುತ್ತಿದ್ದ.