ಅಜ್ಜಿಯ ಹೆಬ್ಬೆರಳು

ಮಣಿಪಾಲದಲ್ಲಿ ಇಂದು ಮಗಳ ಉಬ್ಬುಹಲ್ಲಿಗೆ ತಂತಿ ಹಾಕಿದರು. "ದಿನವೂ ಮೆಲ್ಲಗೆ ಒತ್ತಿದರೆ ಹಲ್ಲು ಹಿಂದೆ ಸರಿಯುತ್ತದೆ" ಎಂದರು ಡಾಕ್ಟರು. ಕೂಡಲೇ ನನ್ನ ಬಾಯಿಗೆ ತೆಂಗಿನೆಣ್ಣೆಯ ರುಚಿ ಬಂತು.

ಚಿಕ್ಕಂದಿನಲ್ಲಿ ಕಡಿಯಾಳಿಯ ಮನೆಯಲ್ಲಿ ಸಂಜೆಯ ಭಜನೆಗೆ ಕೂತರೆ, ಅಜ್ಜಿ ಎಣ್ಣೆ ಹಚ್ಚಿದ ಹೆಬ್ಬೆರಳಿನಿಂದ ನನ್ನ ಮುಂದಿನ ಹಲ್ಲು ಒತ್ತಿ ಹಿಡಿಯುತ್ತಿದ್ದರು. ಮಂಗಳಾರತಿಯವರೆಗೂ ಬಿಡುತ್ತಿರಲಿಲ್ಲ. ಎಲ್ಲರೂ ಹಾಡುವಾಗ ನನ್ನದು ಬರೀ "ಆ... ಆ..."

"ಅತ್ತೆ, ಮಗುವಿಗೆ ನೋವಾಗುವುದಿಲ್ವಾ?" ಎಂದು ಅಮ್ಮ ಕೇಳಿದರೆ, "ನಾಳೆ ಹುಡುಗ ನೋಡಲಿಕ್ಕೆ ಬಂದಾಗ ಇವಳಿಗಿಂತ ಮೊದಲು ಹಲ್ಲೇ ಬಾಗಿಲಿಗೆ ಹೋದರೆ ಎಂತ ಮಾಡುವುದು?" ಎನ್ನುತ್ತಿದ್ದರು.

ನನ್ನ ಹಲ್ಲು ಕದಲಲೇ ಇಲ್ಲ. ಆದರೆ ನೋಡಲು ಬಂದ ಹುಡುಗನ ಹಲ್ಲು ನನ್ನದಕ್ಕಿಂತಲೂ ಮುಂದಿತ್ತು. ಅವನು ನಕ್ಕಾಗ ಅಜ್ಜಿಯ ಹೆಬ್ಬೆರಳು ತಾನಾಗಿ ಎದ್ದು ನಿಂತಿತ್ತು.

"ಇದು ತಾಯಿಯ ಕಡೆಯಿಂದ ಬಂದದ್ದೋ, ತಂದೆಯ ಕಡೆಯಿಂದಲೋ?" ಎಂದು ಡಾಕ್ಟರು ಇಂದು ಕೇಳಿದರು. ಪಕ್ಕದಲ್ಲೇ ಕೂತಿದ್ದ ಆ ಹುಡುಗನೂ ನಾನೂ ಒಟ್ಟಿಗೇ ಬಾಯಿ ಮುಚ್ಚಲು ನೋಡಿದೆವು. ಇಬ್ಬರದೂ ಪೂರ್ತಿ ಮುಚ್ಚಲಿಲ್ಲ.